ನೋಡಿದವರು ಬಹಳ, ಹೇಳುವವರು ಯಾರು?

(ನಾಲತವಾಡದಲ್ಲಿ ಸೇರಿದ್ದ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಇವತ್ತಿನ ಸಭೆಯಲ್ಲಿ ನನಗೆ ಕೊಟ್ಟ ವಿಷಯ ವರದಕ್ಷಿಣೆ ಮತ್ತು ಮನೆಯೊಳಗಿನ ಹಿಂಸೆ. ಕಾಯ್ದೆ ಏನು ಹೇಳುತ್ತದೆ, ಮೊದಲಿನ 498ಎ ಕಲಂ ಈಗ ಹೊಸ ನ್ಯಾಯ ಸಂಹಿತೆಯಲ್ಲಿ ಎಷ್ಟನೇ ಕಲಂ ಆಗಿದೆ ಎಂಬುದನ್ನೆಲ್ಲ ಊಟದ ನಂತರ ವಕೀಲರು ಹೇಳುತ್ತಾರೆ. ನಾನು ವಕೀಲಳಲ್ಲ. ಸಂಘದ ಪುಸ್ತಕ ಬರೆಯುವವಳು. ಆದ್ದರಿಂದ ನನಗೆ ಗೊತ್ತಿದ್ದ ದಾರಿಯಿಂದಲೇ ವಿಷಯಕ್ಕೆ ಬರುತ್ತೇನೆ. ಆ ದಾರಿಯಲ್ಲಿ ಒಬ್ಬ ರಾಜಕೀಯ ಮುಂದಾಳು ಸಿಗುತ್ತಾನೆ. ಅವನ ಹೆಸರು ಹೇಳಿದ ಕೂಡಲೇ ನಿಮ್ಮಲ್ಲಿ ಕೆಲವರು ಸೆರಗು ಸರಿಮಾಡಿಕೊಂಡು ಎದ್ದುಹೋಗಬಹುದು. ಹೋಗಬೇಡಿರಿ, ಪೂರಾ ಕೇಳಿ ಆಮೇಲೆ ಬೈಯಿರಿ.

"ಸಂಘದಾಗ ರಾಜಕೀಯ ಬ್ಯಾಡ್ರಿ" ಎಂದು ನಾವು ಮೊದಲ ದಿನವೇ ಠರಾವು ಮಾಡಿದವರು. ನಮ್ಮದು ಸ್ತ್ರೀಶಕ್ತಿ ಸಂಘ, 2001ರಲ್ಲಿ ಶುರುವಾದದ್ದು, ವಾರಕ್ಕೆ 10 ರೂಪಾಯಿ ಉಳಿತಾಯ. ರಾಜಕೀಯ ಬೇಡ ಎಂಬ ಠರಾವು ಇವತ್ತಿಗೂ ಪುಸ್ತಕದ ಎರಡನೇ ಪುಟದಲ್ಲಿದೆ, ನನ್ನ ಅಕ್ಷರದಲ್ಲೇ ಇದೆ. ಆದರೆ ಚುನಾವಣೆ ಬಂದಾಗ ಓಣಿಯ ಬಾಯಿಗೆ ಟೆಂಪೋ ಬಂದು ನಿಲ್ಲುತ್ತದೆ. ಸಂಘದವರೆಲ್ಲ ಹತ್ತಿರಿ ಎನ್ನುತ್ತಾರೆ. ತಲೆಗಿಷ್ಟು ರೊಕ್ಕ, ಒಂದು ಪಲಾವಿನ ಪೊಟ್ಟಣ, ಮೇಲೊಂದು ಬಣ್ಣದ ಶಲ್ಯ. ನಾವು ಹತ್ತುತ್ತೇವೆ. ಬಿಸಿಲಲ್ಲಿ ನಾಲ್ಕು ತಾಸು ಕೂತು, ಭಾಷಣ ಮಾಡಿದವ ಯಾರು ಎಂಬುದೂ ತಿಳಿಯದೆ ಚಪ್ಪಾಳೆ ಹೊಡೆದು ಬರುತ್ತೇವೆ. ಅದು ರಾಜಕೀಯ ಅಲ್ಲವಂತೆ, ಅದು ಕೂಲಿ. ನಾನೂ ಎರಡು ಸಲ ಹೋಗಿ ಬಂದಿದ್ದೇನೆ. ಯಾವ ಪಕ್ಷ ಎಂದು ಕೇಳಬೇಡಿರಿ, ಎರಡು ಸಲ ಎರಡು ಪಕ್ಷ.

ಅಂದರೆ ನಮಗೆ ಬೇಡವಾದದ್ದು ರಾಜಕೀಯ ಅಲ್ಲ. ನಾವಾಗಿ ಬಾಯಿ ತೆರೆಯುವುದು ಬೇಡವಾಗಿದೆ.

ಈಗ ಹೆಸರು ಹೇಳುತ್ತೇನೆ. ಪ್ರಮೋದ ಮುತಾಲಿಕ. ನಮ್ಮ ಉತ್ತರ ಕರ್ನಾಟಕದವರೇ, ಬೆಳಗಾವಿ ಜಿಲ್ಲೆಯ ಹುಕ್ಕೇರಿ ಕಡೆಯವರು. ಮೊದಲು ಬಜರಂಗ ದಳದಲ್ಲಿದ್ದು ಅಲ್ಲಿಂದ ಹೊರಬಂದು ಶ್ರೀರಾಮ ಸೇನೆ ಕಟ್ಟಿದವರು. 2009ರ ಜನವರಿ 24ರಂದು ಮಂಗಳೂರಿನ ಒಂದು ಪಬ್ಬಿಗೆ ಆ ಸೇನೆಯ ಗುಂಪು ನುಗ್ಗಿತು. ಪಬ್ಬೆಂದರೆ ಬಾರಿನಂಥದ್ದೇ, ಹಾಡು-ಕುಣಿತವೂ ಇರುವ ಜಾಗ. ಒಳಗಿದ್ದ ಹುಡುಗಿಯರನ್ನು ಕೂದಲು ಹಿಡಿದು ಎಳೆದರು, ಕೆನ್ನೆಗೆ ಹೊಡೆದರು, ಓಡಿಹೋಗುವವರನ್ನು ಬೆನ್ನಟ್ಟಿ ಬೀಳಿಸಿದರು. ಇದನ್ನು ಕದ್ದುಮುಚ್ಚಿ ಮಾಡಲಿಲ್ಲ. ಟೀವಿಯವರಿಗೆ ಮೊದಲೇ ಸುದ್ದಿ ಹೋಗಿತ್ತು, ಕ್ಯಾಮರಾ ಎದುರಿಗೇ ನಡೆಯಿತು. ಇಡೀ ದೇಶ ನೋಡಿತು. ಮುತಾಲಿಕರು ಸ್ಥಳದಲ್ಲಿರಲಿಲ್ಲ, ಆದರೆ ನಮ್ಮ ಸಂಸ್ಕೃತಿ ಉಳಿಸಲು ಮಾಡಿದ್ದು ಎಂದು ಸಮರ್ಥಿಸಿಕೊಂಡರು.

ನಾನೂ ನೋಡಿದೆ. ಪಕ್ಕದ ಮನೆಯವರ ಟೀವಿಯಲ್ಲಿ, ಏಳೆಂಟು ಹೆಂಗಸರು ಕೂಡಿ ಕೂತು ನೋಡಿದೆವು. ಮಡಿಲಲ್ಲಿ ತೊಗರಿ ಮೊರ ಇಟ್ಟುಕೊಂಡು ಕಲ್ಲು ಆರಿಸುತ್ತಿದ್ದೆವು. ಆಗ ನಾನು ಆಡಿದ ಮಾತು ನನಗೆ ಇವತ್ತಿಗೂ ನೆನಪಿದೆ, ಮರೆಯಬೇಕೆಂದರೂ ಮರೆಯಲಾಗಿಲ್ಲ. "ಕುಡಿಯಾಕ ಹೋಗೂ ಹುಡುಗ್ಯಾರಿಗೆ ಹಂಗ ಆಗಬೇಕು" ಅಂದೆ. ಕೂತವರೆಲ್ಲ "ಖರೇ ಐತಿ" ಅಂದರು. ಒಬ್ಬಾಕೆ ಮಾತ್ರ, ವಯಸ್ಸಾದಾಕೆ, "ಹೊಡೀಲಾಕ ಅವರೇನು ಅವರ ಅಪ್ಪೇನು?" ಅಂದಳು. ನಾವು ನಕ್ಕು ಸುಮ್ಮನಾದೆವು.

ನನ್ನ ಮಾತಿಗೆ ಕಾರಣ ಇಲ್ಲದಿರಲಿಲ್ಲ, ಅದನ್ನೂ ಹೇಳಬೇಕು. ನಾವು ಕುಡಿತದ ವಿರುದ್ಧ ಕೂಗಿದವರು. ಸಾರಾಯಿ ಪಾಕೀಟು ನಮ್ಮ ಮನೆಗಳನ್ನು ಹೇಗೆ ತಿಂದಿತು ಎಂದು ನಿಮಗೆ ಹೇಳಬೇಕಾಗಿಲ್ಲ. ಅಂಗಡಿ ಎದುರು ಕೂತಿದ್ದೇವೆ, ತಹಶೀಲ್ದಾರರಿಗೆ ಅರ್ಜಿ ಕೊಟ್ಟಿದ್ದೇವೆ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಾಗ ನಮ್ಮ ಸಂಘದಲ್ಲಿ ಸಕ್ಕರೆ ಹಂಚಿದ್ದೆವು. (ಸಾರಾಯಿ ಹೋಗಿ ಅದರ ಜಾಗಕ್ಕೆ ಅಗ್ಗದ ಬಾಟ್ಲಿ ಬಂತು, ಸಕ್ಕರೆ ಹಂಚಿದ್ದು ದಂಡ ಎನ್ನುವುದು ಬೇರೆ ಮಾತು.) ಹೀಗಿದ್ದಾಗ ಯಾರೋ ಒಬ್ಬ ಎದ್ದು ಕುಡಿಯುವ ಜಾಗಕ್ಕೆ ನುಗ್ಗಿದ ಎಂದರೆ ನಮ್ಮ ಕೆಲಸವನ್ನೇ ಅವ ಮಾಡಿದ ಎಂದು ನನಗೆ ಅನಿಸಿತು.

ಆಮೇಲೆ ತಿಳಿಯಿತು. ಆ ಗುಂಪು ಬಾಟ್ಲಿಯನ್ನು ಹೊಡೆಯಲಿಲ್ಲ, ಹುಡುಗಿಯನ್ನು ಹೊಡೆಯಿತು. ಕುಡಿದು ಬಂದು ಹೆಂಡತಿಯ ಬೆನ್ನು ಮುರಿಯುವ ಗಂಡನ ಬಾಗಿಲಿಗೆ ಸಂಸ್ಕೃತಿ ಉಳಿಸುವವರು ಬಂದದ್ದನ್ನು ನಾನು ನಾಲತವಾಡದಲ್ಲಿ ಕಂಡಿಲ್ಲ. ನಾವು ಅಂಗಡಿ ಎದುರು ಧರಣಿ ಕೂತಾಗ ನಮ್ಮ ಜೋಡಿ ಕೂರಲು ಅಂಥವರು ಯಾರೂ ಬಂದಿರಲಿಲ್ಲ. ಎರಡು ತೊಲ ಬಂಗಾರಕ್ಕೆ ಸೊಸೆಯನ್ನು ತವರಿಗೆ ಅಟ್ಟಿದ ಮನೆಯ ಮುಂದೆ ಯಾವ ಸೇನೆ ನಿಂತಿತ್ತು?

ಇದು ನನಗೆ ಒಂದೇ ದಿನದಲ್ಲಿ ಹೊಳೆದದ್ದಲ್ಲ. ಟೀವಿ ನೋಡಿದ ಅದೇ ವಾರ ನಮ್ಮ ಸಂಘದ ಸಭೆ ತಡವಾಯಿತು. ಬ್ಯಾಂಕ್ ಸಾಲದ ಕಾಗದಕ್ಕೆ ಎಲ್ಲರ ಸಹಿ, ಹೆಬ್ಬೆಟ್ಟು ಆಗಬೇಕಿತ್ತು, ಕರೆಂಟು ಹೋಗಿತ್ತು, ಚಿಮಣಿ ಹಚ್ಚಿ ಮುಗಿಸುವಾಗ ಎಂಟು ಹೊಡೆಯಿತು. ಒಬ್ಬ ಸದಸ್ಯೆ ಮನೆಗೆ ಹೋದಾಗ ಗಂಡ ಬಾಗಿಲಲ್ಲೇ ಹಿಡಿದು ಹೊಡೆದ. ಮರುದಿನ ನಾವು ನಾಲ್ಕು ಜನ ಅವರ ಮನೆಗೆ ಹೋದೆವು. ಅವಳ ಮಾವ ಕಟ್ಟೆಯ ಮೇಲೆ ಕೂತಿದ್ದ. ನಮ್ಮನ್ನು ನೋಡಿ, "ಹೊತ್ತು ಮುಳುಗಿದ ಮ್ಯಾಲೆ ಹೊರಗ ತಿರಗೂ ಹೆಂಗಸಿಗೆ ಹಂಗ ಆಗಬೇಕು" ಅಂದ.

ನನ್ನ ಮಾತೇ. ಒಂದೆರಡು ಶಬ್ದ ಬೇರೆ, ಅಷ್ಟೇ. ಅವನಿಗೆ ಏನು ಉತ್ತರ ಕೊಡಲಿ? ಅವಳು ಕುಡಿಯಲು ಹೋಗಿರಲಿಲ್ಲ, ಸಂಘಕ್ಕೆ ಹೋಗಿದ್ದಳು ಎಂದೆ. "ನನಗೇನು ಗೊತ್ತು" ಅಂದ. ಖರೇನೇ, ಅವನಿಗೇನು ಗೊತ್ತು? ಹೊರಗೆ ಹೋದ ಹೆಂಗಸು ಎಲ್ಲಿಗೆ ಹೋಗಿದ್ದಳು ಎಂಬುದರ ಮೇಲೆ ಹೊಡೆತ ಸರಿಯೋ ತಪ್ಪೋ ಎಂದು ನಿರ್ಧಾರವಾಗುವುದಾದರೆ, ಆ ನಿರ್ಧಾರ ಯಾವಾಗಲೂ ಹೊಡೆಯುವವನ ಕೈಯಲ್ಲೇ ಇರುತ್ತದೆ.

ಮಂಗಳೂರಿನ ಆ ಘಟನೆ ಆದಮೇಲೆ ಏನೇನಾಯಿತು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಅಲ್ಲಿ ನಮಗೆ ಬೇಕಾದ ವಿಷಯ ಇದೆ. ಬೆಂಗಳೂರು, ಮಂಗಳೂರಿನಲ್ಲಿ ಮಹಿಳಾ ಸಂಘಟನೆಗಳು ಬೀದಿಗೆ ಬಂದವು. ಮುತಾಲಿಕರ ಬಂಧನವಾಯಿತು, ಕೆಲವೇ ದಿನಕ್ಕೆ ಜಾಮೀನೂ ಆಯಿತು. ಹೊರಬಂದವರು, ಫೆಬ್ರವರಿ 14ರ ಪ್ರೇಮಿಗಳ ದಿನ ಜೋಡಿಯಾಗಿ ಸಿಕ್ಕವರಿಗೆ ಮದುವೆ ಮಾಡಿಸುತ್ತೇವೆ ಎಂದು ಹೆದರಿಸಿದರು. ಅದಕ್ಕೆ ಪಟ್ಟಣದ ಹುಡುಗಿಯರು ಒಂದು ಉಪಾಯ ಹೂಡಿದರು. ದೇಶದ ಮೂಲೆ ಮೂಲೆಯಿಂದ ಗುಲಾಬಿ ಬಣ್ಣದ ಚಡ್ಡಿಗಳನ್ನು ಅಂಚೆಯಲ್ಲಿ ಹುಬ್ಬಳ್ಳಿಯ ಸೇನೆಯ ಕಚೇರಿಗೆ ಕಳಿಸಿದರು. ನಗಬೇಡಿರಿ, ಖರೇ ಕಳಿಸಿದರು, ರಾಶಿ ರಾಶಿ. ಅವರು ತಿರುಗಿ ಸೀರೆ ಕಳಿಸುತ್ತೇವೆ ಎಂದರು. ಪ್ರೇಮಿಗಳ ದಿನ ಮುತಾಲಿಕರನ್ನು ಪೊಲೀಸರು ಮುನ್ನೆಚ್ಚರಿಕೆ ಎಂದು ವಶಕ್ಕೆ ತೆಗೆದುಕೊಂಡಿದ್ದರು.

ಈ ಚಡ್ಡಿಯ ಸುದ್ದಿಯನ್ನು ಸಂಘದಲ್ಲಿ ಓದಿದಾಗ ನಮಗೆ ನಾಚಿಕೆ, ನಗು ಎರಡೂ. ಒಬ್ಬಾಕೆ ಅಂದಳು: "ನಾವು ಕಳಸೂದಾದ್ರ ಚಡ್ಡಿ ಯಾಕಬೇ, ಹೊಡೆತ ತಿಂದಾಗ ಹರಿದ ಕುಪ್ಪಸ ಕಳಸಬೇಕು. ಗಾಡಿ ತುಂಬತಾವು." ಆ ಮೇಲೆ ಯಾರೂ ನಗಲಿಲ್ಲ. ನನಗೆ ಕೇಳಿದರೆ ಆ ಚಡ್ಡಿಯ ಚಳವಳಿ ಪೂರಾ ಒಪ್ಪಿಗೆ ಎಂದು ಹೇಳಲಾರೆ. ನಮ್ಮಂಥ ಊರಿನ ಹೆಂಗಸರನ್ನು ಅದು ಸ್ವಲ್ಪ ದೂರವೇ ನಿಲ್ಲಿಸಿತು. ಆದರೆ ಒಂದು ಒಪ್ಪುತ್ತೇನೆ. ಹೆದರಿಸುವವನನ್ನು ನೋಡಿ ನಕ್ಕರಲ್ಲ, ಅದು ಸಣ್ಣ ಮಾತಲ್ಲ.

ಹೊಡೆತ ತಿಂದವರ ಬಗ್ಗೆ ವಿಚಾರಿಸಲು ರಾಷ್ಟ್ರೀಯ ಮಹಿಳಾ ಆಯೋಗದಿಂದ ಸದಸ್ಯೆ ನಿರ್ಮಲಾ ವೆಂಕಟೇಶ್ ಬಂದರು. ಪಬ್ಬಿನಲ್ಲಿ ಭದ್ರತೆ ಇರಲಿಲ್ಲ, ಹೆಣ್ಣುಮಕ್ಕಳು ತಮ್ಮ ಎಚ್ಚರದಲ್ಲಿ ತಾವಿರಬೇಕು ಎಂಬ ಅರ್ಥದ ಮಾತು ಅವರಿಂದ ಬಂತು. ಅದಕ್ಕೆ ಭಾರಿ ವಿರೋಧ ಎದ್ದಿತು, ಮುಂದೆ ಅವರನ್ನು ಆಯೋಗದಿಂದ ತೆಗೆದರು. ಹೆಂಗಸರ ಆಯೋಗದ ಹೆಂಗಸೇ ಹಾಗೆ ಅಂದರೆ, ತೊಗರಿ ಆರಿಸುತ್ತ ಕೂತ ನಾನು ಅಂದದ್ದು ಯಾವ ಲೆಕ್ಕ ಎಂದು ಒಮ್ಮೆ ಸಮಾಧಾನ ಮಾಡಿಕೊಂಡಿದ್ದೆ. ಆ ಸಮಾಧಾನ ಬಹಳ ದಿನ ಉಳಿಯಲಿಲ್ಲ.

ಅದೇ ಫೆಬ್ರವರಿಯಲ್ಲಿ ಮಂಗಳೂರು ಕಡೆ ಬಸ್ಸಿನಲ್ಲಿ ಹೋಗುತ್ತಿದ್ದ ಕೇರಳದ ಶಾಸಕರೊಬ್ಬರ ಮಗಳನ್ನು, ಮುಸ್ಲಿಂ ಹುಡುಗನ ಜೊತೆ ಮಾತಾಡಿದಳೆಂದು ಒಂದು ಗುಂಪು ಕೆಳಗಿಳಿಸಿ ಎಳೆದೊಯ್ದಿತು. ನಮ್ಮ ಸುತ್ತಿನ ಹಳ್ಳಿಗಳಿಂದ ಎಷ್ಟು ಮನೆಯವರು ಮಂಗಳೂರಿಗೆ, ಗೋವಾಕ್ಕೆ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ ಎಂದು ನಿಮಗೆ ಗೊತ್ತು. ಹಾಗೆ ಹೋದ ಒಬ್ಬ ತಂಗಿ ಜಾತ್ರೆಗೆ ಬಂದಾಗ ನನಗೆ ಹೇಳಿದಳು: "ಅಕ್ಕಾರ, ಕೆಲಸ ಬಿಟ್ಟಿಂದ ರಾತ್ರಿ ಎಂಟಕ್ಕ ನಾವು ಗೌಂಡಿ ಕೂಡ ಟೆಂಪೋದಾಗ ಬರ್ತೀವ್ರಿ. ಗೌಂಡಿ ಸಾಬರಾಂವ. ಶಾಸಕರ ಮಗಳನ್ನ ಇಳಿಸಿದವರು ನಮ್ಮನ್ನ ಬಿಡ್ತಾರನ್ರಿ? ಆಕಿ ಸುದ್ದಿ ಟೀವಿಯಾಗ ಬಂತು. ನಮ್ಮದು ಎಲ್ಲಿ ಬರತೈತ್ರಿ?" ಪಬ್ಬಿನ ಹುಡುಗಿಯರು ಬೇರೆ, ನಾವು ಬೇರೆ ಎಂದು ನಾನು ಎಳೆದಿದ್ದ ಗೆರೆಯನ್ನು ಆಕೆ ಎರಡು ಮಾತಿನಲ್ಲಿ ಅಳಿಸಿ ಹೋದಳು.

ಈಗ ಆ ಕೇಸಿನ ಕೊನೆ ಕೇಳಿರಿ. 2018ರ ಮಾರ್ಚ್ ತಿಂಗಳಲ್ಲಿ ಮಂಗಳೂರಿನ ನ್ಯಾಯಾಲಯ ಮುತಾಲಿಕರನ್ನೂ ಉಳಿದ ಆರೋಪಿಗಳನ್ನೂ ಬಿಡುಗಡೆ ಮಾಡಿತು. ಸಾಕ್ಷ್ಯ ಸಾಲದು ಎಂದು. ದೇಶವೆಲ್ಲ ಟೀವಿಯಲ್ಲಿ ನೋಡಿದ ಹೊಡೆತಕ್ಕೆ ಸಾಕ್ಷ್ಯ ಸಾಲಲಿಲ್ಲ! ಹೊಡೆತ ತಿಂದ ಹುಡುಗಿಯರು ದೂರು ಕೊಡಲು ಮುಂದೆ ಬಂದಿರಲಿಲ್ಲ. ಅವರನ್ನು ನಾನು ಬೈಯುವುದಿಲ್ಲ. ಮನೆಯಲ್ಲಿ ಅಪ್ಪ-ಅವ್ವ ಏನಂದರೋ, ಮದುವೆ ಗೊತ್ತಾಗಿತ್ತೋ ಏನೋ. ಹೊಡೆದವ ಎದೆ ತಟ್ಟಿಕೊಂಡು ತಿರುಗುತ್ತಾನೆ, ಹೊಡೆಸಿಕೊಂಡವಳು ಮುಖ ಮುಚ್ಚಿಕೊಳ್ಳಬೇಕು. ಇದು ನಮಗೆ ಹೊಸದಲ್ಲ.

ಹೊಸದಲ್ಲ ಎಂದು ಯಾಕೆ ಹೇಳಿದೆ ಎಂದರೆ, ಇಲ್ಲಿ ನನ್ನ ತಪ್ಪು ಒಂದಿದೆ. 2006ರಲ್ಲಿ ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆಯಲ್ಲಿ ಒಬ್ಬ ಸೊಸೆ ಇದ್ದಳು. ಮದುವೆಯಲ್ಲಿ ಮಾತಾದ ಬಂಗಾರದಲ್ಲಿ ಎರಡು ತೊಲ ಬಾಕಿ. ಅದಕ್ಕಾಗಿ ದಿನಾ ಬಡಿತ. ಗೋಡೆಯಾಚೆ ನನಗೆ ಎಲ್ಲ ಕೇಳುತ್ತಿತ್ತು, ಯಾವ ಏಟು ಕೈಯದು, ಯಾವುದು ಒನಕೆಯದು ಎಂದು ಹೇಳುವಷ್ಟು. ಒಂದು ರಾತ್ರಿ ಅವಳ ತಲೆ ಒಡೆಯಿತು. ತವರಿನವರು ಬಂದು ಕೇಸು ಹಾಕಿದರು. ಪೊಲೀಸರು ಓಣಿಗೆ ಬಂದು ಮನೆ ಮನೆ ಕೇಳಿದರು. ನಾನು ಏನಂದೆ ಗೊತ್ತೇನು? "ನಾ ಅವತ್ತು ಊರಾಗ ಇರಲಿಲ್ರಿ, ತವರಿಗೆ ಹೋಗಿದ್ದೆ." ನನ್ನ ಗಂಡ ಹೇಳಿಕೊಟ್ಟ ಮಾತಲ್ಲ ಅದು, ನಾನಾಗಿ ಹೇಳಿದ್ದು. ನಾಳೆ ಅವರ ಮನೆಯ ಬಾವಿಯಿಂದ ನೀರು ತರಬೇಕಲ್ಲ ಎಂದು. ಓಣಿಯ ಎಂಟು ಮನೆಯವರೂ ಏನೋ ಒಂದು ಹೇಳಿದರು. ಯಾರೂ ನೋಡಿಲ್ಲ, ಯಾರೂ ಕೇಳಿಲ್ಲ. ಕೇಸು ಬಿದ್ದುಹೋಯಿತು. ಆ ಹುಡುಗಿ ಈಗ ತವರಿನಲ್ಲಿ ಕೂಲಿ ಮಾಡಿಕೊಂಡು ಇದ್ದಾಳೆ. ಸಂತೆಯಲ್ಲಿ ಸಿಕ್ಕರೆ ನನ್ನನ್ನು ಮಾತಾಡಿಸುತ್ತಾಳೆ, ಅದೇ ನನಗೆ ಕಷ್ಟ.

2018ರಲ್ಲಿ ಮಂಗಳೂರಿನ ತೀರ್ಪನ್ನು ಪೇಪರಿನಲ್ಲಿ ಓದಿ, "ಏನು ಅನ್ಯಾಯ, ಸಾಕ್ಷಿ ಇಲ್ಲಂತ" ಎಂದು ಬಾಯಿಬಿಟ್ಟು ಹೇಳಿದವಳು ಕೂಡಲೇ ಬಾಯಿ ಮುಚ್ಚಿಕೊಂಡೆ.

ಆದರೆ ಜನ ಯಾವತ್ತೂ ಸುಮ್ಮನೆ ಕೂರುತ್ತಾರೆ ಎಂದುಕೊಳ್ಳಬೇಡಿರಿ. ನಮ್ಮ ಜಿಲ್ಲೆಯದೇ ಸಂಗತಿ ಹೇಳುತ್ತೇನೆ, ಆಗಿನ್ನೂ ಬಿಜಾಪುರ ಜಿಲ್ಲೆ. 2012ರ ಜನವರಿ 1ರ ಬೆಳಗ್ಗೆ ಸಿಂದಗಿಯ ತಹಶೀಲ್ದಾರ ಕಚೇರಿಯ ಕಂಬದಲ್ಲಿ ಪಾಕಿಸ್ತಾನದ ಬಾವುಟ ಹಾರುತ್ತಿತ್ತು. ಊರಿಗೆ ಊರೇ ಎದ್ದಿತು. ಪ್ರತಿಭಟನೆ, ಬಂದ್, ಬಸ್ಸಿಗೆ ಕಲ್ಲು. ಮುಸಲ್ಮಾನರ ಮೇಲೆ ಬೆರಳು. ನಾಲ್ಕೈದು ದಿನದಲ್ಲಿ ಪೊಲೀಸರು ಇಪ್ಪತ್ತರ ಆಸುಪಾಸಿನ ಆರು ಹುಡುಗರನ್ನು ಹಿಡಿದರು, ಬಹುತೇಕ ಕಾಲೇಜು ಕಲಿಯುವವರು. ಅವರು ಶ್ರೀರಾಮ ಸೇನೆಯ ನಂಟಿನವರು, ಕೋಮು ಗಲಭೆ ಎಬ್ಬಿಸಲು ತಾವೇ ಬಾವುಟ ಏರಿಸಿದರು ಎಂದು ಪೊಲೀಸರು ಹೇಳಿದರು. ಅವರು ನಮ್ಮವರಲ್ಲ ಎಂದು ಮುತಾಲಿಕರು ಹೇಳಿದರು.

ನಾನು ಕೇಳುವುದು ಇಷ್ಟೇ. ಬಾವುಟ ಕಂಡ ದಿನ ಬೀದಿಗೆ ಬಂದ ಅಷ್ಟು ಜನ, ಹಿಡಿದವರು ಯಾರು ಎಂದು ತಿಳಿದ ದಿನ ಎಲ್ಲಿ ಹೋದರು? ಸಿಟ್ಟು ಬಾವುಟದ ಮೇಲಿದ್ದರೆ, ಏರಿಸಿದವ ಯಾರಾದರೂ ಅವನ ಮೇಲೆ ಇರಬೇಕಿತ್ತು. ಎರಡನೇ ಮೆರವಣಿಗೆಯ ಸುದ್ದಿ ನಮ್ಮ ತನಕ ಬರಲಿಲ್ಲ.

ಸಿಂದಗಿ ನಮಗೆ ದೂರ. ಆದರೂ ಆ ವಾರ ನಮ್ಮ ಸಂಘದ ಸಭೆಗೆ ಇಬ್ಬರು ಬರಲಿಲ್ಲ. ಸಾಬರ ಓಣಿಯವರು. ಮುಂದಿನ ವಾರವೂ ಬರಲಿಲ್ಲ. ಉಳಿತಾಯದ ರೊಕ್ಕ ಹುಡುಗನ ಕೈಯಲ್ಲಿ ಕಳಿಸುತ್ತಿದ್ದರು. ಅಲಾಯಿ ಹಬ್ಬದಲ್ಲಿ ಅವರ ಮನೆಯ ಚೊಂಗೆ ತಿಂದು ಬೆಳೆದ ನಾವು, ದರ್ಗಾಕ್ಕೆ ಹರಕೆ ಹೊತ್ತು ಸಕ್ಕರೆ ಓದಿಸಿಕೊಂಡು ಬರುವ ನಾವು, ಒಂದು ಸಲವಾದರೂ ಅವರ ಬಾಗಿಲಿಗೆ ಹೋಗಿ "ಯಾಕ ಬರವಲ್ರಿ?" ಎಂದು ಕೇಳಬೇಕಿತ್ತು. ಕೇಳಲಿಲ್ಲ. ನಾನು ಪುಸ್ತಕದಲ್ಲಿ "ಗೈರು" ಎಂದು ಬರೆದೆ. ಆರು ವಾರ ಗೈರು ಎಂದು ಬರೆದೆ. ಏಳನೇ ವಾರ ಅವರೇ ಬಂದು ಮೊದಲಿನ ಹಾಗೆ ಬಾಗಿಲ ಹತ್ತಿರ ಕೂತರು. ಯಾರೂ ಏನೂ ಕೇಳಲಿಲ್ಲ, ಅವರೂ ಏನೂ ಹೇಳಲಿಲ್ಲ. ಬಹಳ ವರ್ಷದ ಮೇಲೆ ಅವರಲ್ಲಿ ಒಬ್ಬಾಕೆ ಹೇಳಿದಳು: "ಹೊಡೀತಾರಂತ ಹೆದರಿಕಿ ಇರಲಿಲ್ಲಕ್ಕ. ನೀವು ಹೆಂಗ ನೋಡ್ತೀರೋ ಅಂತ ಹೆದರಿಕಿ ಇತ್ತು."

ಮನೆಯೊಳಗಿನ ಹಿಂಸೆಯೂ ಹೀಗೇ ಅಲ್ಲವೇ? ಹೊಡೆಯುವವನು ಒಬ್ಬನೇ. ಹೊರಗೆ ಬಂದಾಗ ಓಣಿ ಹೇಗೆ ನೋಡುತ್ತದೋ ಎಂಬ ಅಂಜಿಕೆಯೇ ಅವಳನ್ನು ಒಳಗೆ ಕಟ್ಟಿಹಾಕುತ್ತದೆ. ಮುತಾಲಿಕರಂಥವರ ಬಲವೂ ಅಲ್ಲೇ ಇದೆ. ಅವರಿಗೆ ಓಟು ಬೀಳುತ್ತದೆ ಎಂದುಕೊಂಡಿದ್ದೀರಾ? 2014ರ ಮಾರ್ಚಿನಲ್ಲಿ ಒಂದು ದೊಡ್ಡ ಪಕ್ಷ, ಬಿಜೆಪಿ, ಅವರನ್ನು ಸೇರಿಸಿಕೊಂಡಿತು. ಗದ್ದಲ ಎದ್ದ ಕೂಡಲೇ, ಅದೇ ದಿನ, ಹೊರಗೆ ಹಾಕಿತು. 2023ರಲ್ಲಿ ಕಾರ್ಕಳದಲ್ಲಿ ಪಕ್ಷೇತರರಾಗಿ ನಿಂತರು, ಬಿದ್ದ ಮತ ಐದು ಸಾವಿರ ದಾಟಲಿಲ್ಲ. ಗದ್ದಲ ಎದ್ದದ್ದಕ್ಕೆ ಪಕ್ಷ ಹಿಂದೆ ಸರಿಯಿತು, ಇದನ್ನು ನೆನಪಿಡಿರಿ. ಜನ ಓಟು ಕೊಡುವುದಿಲ್ಲ. ಆದರೆ ಹೊಡೆದಾಗ "ಖರೇ ಐತಿ" ಅನ್ನುತ್ತಾರೆ, ಇಲ್ಲವೇ ಸುಮ್ಮನಿರುತ್ತಾರೆ. ಅವರಿಗೆ ಅಷ್ಟು ಸಾಕು.

ಸುಮ್ಮನಿರದ ಒಬ್ಬ ಹೆಂಗಸಿನ ಮಾತು ಹೇಳುತ್ತೇನೆ. ಡಾ. ಎಂ.ಎಂ. ಕಲಬುರ್ಗಿ ಎಂಬ ದೊಡ್ಡ ವಿದ್ವಾಂಸರು, ವಚನ ಸಾಹಿತ್ಯಕ್ಕೆ ಜೀವ ಸವೆಸಿದವರು. ನಮ್ಮ ಜಿಲ್ಲೆಯವರೇ, ಸಿಂದಗಿ ತಾಲ್ಲೂಕಿನ ಗುಬ್ಬೇವಾಡದಲ್ಲಿ ಹುಟ್ಟಿದವರು. 2015ರ ಆಗಸ್ಟ್ 30ರಂದು ಬೆಳಗ್ಗೆ ಧಾರವಾಡದ ಅವರ ಮನೆಗೆ ಮೋಟರ್ ಸೈಕಲ್ ಮೇಲೆ ಬಂದವರು ಅವರನ್ನು ಗುಂಡಿಟ್ಟು ಕೊಂದರು. ಬಾಗಿಲು ತೆರೆದವರು ಅವರ ಹೆಂಡತಿ ಉಮಾದೇವಿ. ಮನೆಗೆ ಬಂದವರಿಗೆ ಬಾಗಿಲು ತೆರೆದು ಒಳಗೆ ಹೋಗುವುದು ನಾವು ದಿನಾ ಮಾಡುವ ಕೆಲಸ. ಆ ತಾಯಿ ಅಳುತ್ತ ಮೂಲೆಯಲ್ಲಿ ಕೂರಲಿಲ್ಲ. ತನಿಖೆ ಮುಂದೆ ಸಾಗದಿದ್ದಾಗ ಸುಪ್ರೀಂ ಕೋರ್ಟಿಗೆ ಹೋದರು. 2019ರ ಫೆಬ್ರವರಿಯಲ್ಲಿ ನ್ಯಾಯಾಲಯ ಆ ತನಿಖೆಯನ್ನು ಗೌರಿ ಲಂಕೇಶ್ ಕೊಲೆಯ ತನಿಖೆ ಮಾಡುತ್ತಿದ್ದ ತಂಡಕ್ಕೇ ಒಪ್ಪಿಸಿತು. ಅದೇ ವರ್ಷ, ಸಾಲಾಗಿ ನಿಲ್ಲಿಸಿದ ಆಳುಗಳಲ್ಲಿ ಒಬ್ಬನನ್ನು ಉಮಾದೇವಿಯವರು ಗುರುತಿಸಿದರು. ನಾಲ್ಕು ವರ್ಷದ ಹಿಂದೆ ಬಾಗಿಲಲ್ಲಿ ಕಂಡ ಮುಖ. ನಾನಾಗಿದ್ದರೆ "ಕಣ್ಣು ಸರಿಯಾಗಿ ಕಾಣಸೂದಿಲ್ರಿ" ಎನ್ನುತ್ತಿದ್ದೆನೋ ಏನೋ.

ಗೌರಿ ಲಂಕೇಶರ ಹೆಸರು ನೀವು ಕೇಳಿದ್ದೀರಿ. ಪತ್ರಿಕೆ ನಡೆಸುತ್ತಿದ್ದ ಹೆಣ್ಣುಮಗಳು. 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನಲ್ಲಿ ಅವರ ಮನೆ ಬಾಗಿಲಲ್ಲೇ ಕೊಂದರು. ವಾರದಲ್ಲಿ ಸಾವಿರಾರು ಜನ "ನಾನೂ ಗೌರಿ" ಎಂದು ಬೆಂಗಳೂರಿನಲ್ಲಿ ಸೇರಿದರು. ಮರುವರ್ಷ ಜೂನಿನಲ್ಲಿ ಗುಂಡು ಹಾರಿಸಿದ ಆರೋಪದ ಮೇಲೆ ಪೊಲೀಸರು ಹಿಡಿದದ್ದು ಸಿಂದಗಿಯ ಯುವಕನನ್ನು. 2012ರ ಬಾವುಟದ ಕೇಸಿನಲ್ಲಿ ಹಿಡಿದವರಲ್ಲಿ ಇವನೂ ಒಬ್ಬ ಎಂದು ಪತ್ರಿಕೆಗಳು ಬರೆದವು. ಆಗ ಮುತಾಲಿಕರು, ಕರ್ನಾಟಕದಲ್ಲಿ ನಾಯಿ ಸತ್ತರೂ ಪ್ರಧಾನಿ ಮಾತಾಡಬೇಕೇ ಎಂಬ ಅರ್ಥದಲ್ಲಿ ಮಾತಾಡಿದರು. ಸತ್ತ ಹೆಂಗಸಿನ ಸಂಬಂಧ ಬಂದ ಮಾತು ಅದು.

ಆ ದಿನ ಸಂಘದಲ್ಲಿ ಮೊದಲ ಸಲ ನಾವು ಈ ವಿಷಯ ತೆಗೆದೆವು. ಮೊದಲು ಮಾತಾಡಿದಾಕೆ ಗೌರಿಯ ಬಗ್ಗೆ ಮಾತಾಡಲಿಲ್ಲ, ತನ್ನ ಮಗನ ಬಗ್ಗೆ ಮಾತಾಡಿದಳು. "ನನ್ನ ಮಗಾನೂ ಅಂಥಾ ಸಭಾಕ್ಕ ಹೊಕ್ಕಾನ್ರಿ. ಕೆಲಸ ಇಲ್ಲ, ಶಾಲಿ ಬಿಟ್ಟಾನ. ಹಣಿಗೆ ಕುಂಕುಮ, ಕೊಳ್ಳಾಗ ಶಾಲು, ಗೆಳೆಯಾರು. ಊರಾಗ ಒಂದೀಟು ಮರ್ಯಾದಿ ಬಂತಲ್ಲ ಅಂತ ನಾನೂ ಸುಮ್ಮನಿದ್ದೆ. ಈಗ ತಂಗಿಗೆ ಕಾಲೇಜಿಗೆ ಹೋಗಬ್ಯಾಡ ಅಂತಾನ. ಮೊನ್ನಿ ಕೈ ಎತ್ತಿದ." ಅವನನ್ನು ಬಿಡಿಸಬೇಕೆಂದರೆ ಹೇಗೆ ಎಂದು ಕೇಳಿದಳು. ನಮ್ಮಲ್ಲಿ ಉತ್ತರ ಇರಲಿಲ್ಲ. ಅವನಿಗೆ ಕೆಲಸ ಕೊಡುವುದು ನಮ್ಮ ಕೈಯಲ್ಲಿಲ್ಲ. ಹುಡುಗಿಯ ಕಾಲೇಜು ಬಿಡಿಸಬಾರದು ಎಂಬುದಷ್ಟನ್ನು ಹಿಡಿದೆವು. ಸಂಘದ ಸಾಲದಿಂದ ಫೀ ಕಟ್ಟಿದೆವು, ಬಸ್ ಸ್ಟ್ಯಾಂಡಿನ ತನಕ ದಿನಾ ಒಬ್ಬರು ಅವಳ ಜೋಡಿ ಹೋದೆವು. ಆಕೆ ಡಿಗ್ರಿ ಮುಗಿಸಿದಳು. ಮಗ ಈಗ ಪುಣೆಯಲ್ಲಿ ಡ್ರೈವರ್. ಬದಲಾದನೋ, ಊರು ಬಿಟ್ಟದ್ದಕ್ಕೆ ಶಾಂತನಾದನೋ ಹೇಳಲಾರೆ.

2024ರ ಅಕ್ಟೋಬರಿನಲ್ಲಿ ಗೌರಿ ಕೇಸಿನ ಕೆಲವು ಆರೋಪಿಗಳಿಗೆ ಜಾಮೀನು ಸಿಕ್ಕಿತು. ಜಾಮೀನು ಸಿಗುವುದು ಅವರ ಹಕ್ಕು, ಅದಕ್ಕೆ ನನ್ನ ತಕರಾರಿಲ್ಲ, ಕೇಸಿನ ತೀರ್ಪು ಆಗ ಬಂದಿರಲಿಲ್ಲ. ಆದರೆ ಜೈಲಿನಿಂದ ಬಂದವರಿಗೆ ನಮ್ಮ ವಿಜಯಪುರದಲ್ಲಿ ಶಾಲು ಹೊದಿಸಿ, ಮಾಲೆ ಹಾಕಿ ಸ್ವಾಗತ ಮಾಡಿದರು. ಕೊಲೆಯ ಆರೋಪ ಹೊತ್ತವರಿಗೆ ಮಾಲೆ ಯಾವುದಕ್ಕೆ? ತಪ್ಪು ಮಾಡಿಲ್ಲ ಎಂದು ನಂಬಿ ಹಾಕಿದರೋ, ಮಾಡಿದ್ದಾರೆ ಎಂದು ನಂಬಿ ಹಾಕಿದರೋ? ನನ್ನನ್ನು ಕುಟುಕಿದ್ದು ಈ ಪ್ರಶ್ನೆ.

ಪೇಪರನ್ನು ಸಂಘಕ್ಕೆ ಒಯ್ದೆ. ಹದಿನಾಲ್ಕು ಜನ ಇದ್ದೆವು. ಎರಡನೇ ಪುಟದ ಹಳೆಯ ಠರಾವು ಒಬ್ಬಾಕೆ ನೆನಪಿಸಿದಳು, ರಾಜಕೀಯ ಬೇಡ ಎಂಬುದು. ಎರಡು ತಾಸು ಜಗಳವಾಯಿತು. "ನಮಗ್ಯಾಕ ಬೇಕವ್ವ ದೊಡ್ಡವರ ಉಸಾಬರಿ, ನಾಳೆ ಸಾಲ ನಿಂತರ?" ಎಂದು ಒಬ್ಬರು. "ಹೆಣ್ಣಮಗಳನ್ನ ಕೊಂದ ಆರೋಪ ಇರೂರಿಗೆ ಹಾರ ಹಾಕಿದ್ರ, ನಾಳೆ ನಿನ್ನ ಅಳಿಯಗೂ ಹಾಕ್ತಾರ ತಗೋ" ಎಂದು ಇನ್ನೊಬ್ಬರು. ಕೊನೆಗೆ ಎರಡು ಸಾಲಿನ ಠರಾವು ಬರೆದೆ. ಹೆಣ್ಣಿನ ಮೇಲೆ ಕೈ ಮಾಡಿದ ಆರೋಪ ಇದ್ದವರಿಗೆ, ಅದು ಮನೆಯೊಳಗಿರಲಿ ಹೊರಗಿರಲಿ, ತೀರ್ಪು ಬರುವ ತನಕ ಸನ್ಮಾನ ಮಾಡುವ ಯಾವ ಸಭೆಗೂ ನಮ್ಮ ಸಂಘದವರು ಹೋಗತಕ್ಕದ್ದಲ್ಲ, ಟೆಂಪೋ ಬಂದರೂ ಹತ್ತತಕ್ಕದ್ದಲ್ಲ. ಹನ್ನೊಂದು ಸಹಿ ಬಿದ್ದವು. ಮೂವರು ಮಾಡಲಿಲ್ಲ. ಅವರು ಇವತ್ತು ಇಲ್ಲೇ ಕೂತಿದ್ದಾರೆ, ಅವರ ಮೇಲೆ ನನಗೆ ಸಿಟ್ಟಿಲ್ಲ. ಒಬ್ಬಾಕೆಯ ಮಗ ಅಂಥ ಗುಂಪಿನಲ್ಲೇ ಇದ್ದಾನೆ. ಆಕೆ ಸಹಿ ಮಾಡಿದರೆ ರಾತ್ರಿ ಮನೆಗೆ ಹೋಗಬೇಕಾದವಳು ಆಕೆ, ನಾನಲ್ಲ.

ಈ ಠರಾವಿನಿಂದ ವಿಜಯಪುರದಲ್ಲಿ ಏನೂ ಆಗಲಿಲ್ಲ, ಅಲ್ಲಿಯವರಿಗೆ ಇದು ಗೊತ್ತೂ ಇಲ್ಲ. ನಮ್ಮೂರಲ್ಲಿ ಒಂದು ಆಯಿತು. ಟೆಂಪೋ ತರುವವ ಈಗ, "ಅಕ್ಕಾರ, ಇದು ಯಾರ ಸಭಾ ಅಂದ್ರ..." ಎಂದು ಮೊದಲೇ ವಿವರ ಹೇಳುತ್ತಾನೆ.

ಇನ್ನು ಕೆಲಸದ ಮಾತು. ನಿಮ್ಮೆಲ್ಲರಿಗೂ ಗೊತ್ತಿರುವ ನಮ್ಮ ಹುಡುಗಿಯ ಕೇಸು, ಬಂಗಾರ ಮತ್ತು ಬೈಕಿಗಾಗಿ ಹೊಡೆದು ಹೊರಗೆ ಹಾಕಿದ್ದು, ಈ ಗುರುವಾರ ಮುದ್ದೇಬಿಹಾಳದ ಕೋರ್ಟಿನಲ್ಲಿ ಸಾಕ್ಷಿಗೆ ಬಂದಿದೆ. ಹೆಸರು ಇಲ್ಲಿ ಬೇಡ. 2005ರ ಕಾಯ್ದೆಯಲ್ಲಿ ಆಕೆಗೆ ಗಂಡನ ಮನೆಯಲ್ಲೇ ಇರುವ ಹಕ್ಕು ಹೇಗಿದೆ, ರಕ್ಷಣಾಧಿಕಾರಿ ಎಂದರೆ ನಮ್ಮ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಎಂಬುದನ್ನು ವಕೀಲರು ತಿಳಿಸುತ್ತಾರೆ, ಬರೆದುಕೊಳ್ಳಿರಿ. ಸಹಾಯವಾಣಿ ನಂಬರು 181, ಅದನ್ನೂ ಗೋಡೆಗೆ ಹಚ್ಚಿರಿ.

ಸಾಕ್ಷಿ ಪಟ್ಟಿಯಲ್ಲಿ ನನ್ನ ಹೆಸರಿದೆ. ಈ ಸಲ ನಾನು ಊರಲ್ಲಿದ್ದೆ ಎಂದು ಹೇಳುತ್ತೇನೆ. ಅವರ ಕಡೆಯವರು ನನ್ನ ಮನೆಗೆ ಎರಡು ಸಲ ಬಂದು ಹೋಗಿದ್ದಾರೆ, ಗುರುವಾರ ಕೋರ್ಟಿನ ಅಂಗಳದಲ್ಲಿ ಇಪ್ಪತ್ತು ಮಂದಿ ನಿಲ್ಲುತ್ತಾರಂತೆ. ನಾನು ಹೆದರುವುದಿಲ್ಲ ಎಂದರೆ ಸುಳ್ಳಾಗುತ್ತದೆ. ಕಟಕಟೆಯಲ್ಲಿ ನಿಂತು ಹಿಂದೆ ತಿರುಗಿ ನೋಡಿದಾಗ ನಿಮ್ಮ ಮುಖ ಕಾಣಬೇಕು. ಕೂಗುವುದು ಬೇಡ, ಬೋರ್ಡು ಬೇಡ, ಒಳಗೆ ಬಂದು ಬಾಕಿನ ಮೇಲೆ ಸುಮ್ಮನೆ ಕೂತರೆ ಸಾಕು.

ಬೆಳಗ್ಗೆ ಎಂಟಕ್ಕೆ ಬಸ್ ಸ್ಟ್ಯಾಂಡಿನಲ್ಲಿ ಸೇರೋಣ. ಈ ಸಲ ಟೆಂಪೋ ಇಲ್ಲ, ಪೊ‍ಟ್ಟಣವೂ ಇಲ್ಲ. ರೊಟ್ಟಿ ಕಟ್ಟಿಕೊಂಡು ಬರ್ರಿ, ನಾನು ಶೇಂಗಾ ಚಟ್ನಿ ತರುತ್ತೇನೆ. ಬರುವವರು ಈಗಲೇ ಹೆಸರು ಬರೆಸಿರಿ.